ಆ ವಾರ ಊರಿಗೆ ಹೊರಟವರು

ಜೂನ್ ಎರಡನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಈ ಬರಹ ಶುರುವಾದದ್ದು ಆಗ, ಬೊರಿವಲಿ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದರು. ನಾನು ಲೋಕಲ್ ಹಿಡಿಯಲು ಓಡುತ್ತಿದ್ದೆ.

"ಏ, ನಿಲ್ಲು ನಿಲ್ಲು. ನಿಂಗೆ ಕನ್ನಡ ಬರೀಲಿಕ್ಕೆ ಬರ್ತದಲ್ಲ?"

"ಬರ್ತದೆ ಅಂಕಲ್."

"ಬಸ್, ಹಾಗಾದ್ರೆ ನೀನೇ. ಡಿಸೆಂಬರಲ್ಲಿ ನಮ್ಮ ಪೇಪರಿಗೆ ಐವತ್ತು ವರ್ಷ. ಸ್ಮರಣ ಸಂಚಿಕೆಗೆ ನಾಲ್ಕು ಪೇಜ್ ಹಿಸ್ಟರಿ ಬೇಕು. ನನ್ನ ಮಗನಿಗೆ ಹೇಳಿದ್ರೆ, ಇಂಗ್ಲಿಷಲ್ಲಿ ಕೊಡ್ತೇನೆ, ನೀವು ಯಾರ ಹತ್ರನಾದ್ರೂ ಕನ್ನಡ ಮಾಡಿಸಿ ಅಂತಾನೆ."

ಒಪ್ಪಿಕೊಂಡೆ. ನಾಲ್ಕು ಮೆಟ್ಟಿಲು ಹತ್ತಿದ್ದೆನೋ ಇಲ್ಲವೋ, ಹಿಂದಿನಿಂದ ಇನ್ನೊಂದು ಮಾತು ಬಂತು.

"ಆ ಮಿಲ್ ಕ್ಯಾಂಟೀನಿನ ಗಲಾಟೆ, ಅದೆಲ್ಲ ಬೇಡ ಹಾಂ. ಖುಷಿಯ ಪ್ರೋಗ್ರಾಮ್ ಅಲ್ವಾ."

ಅಲ್ಲಿಯವರೆಗೆ ನಾನು ಅಂಥ ಒಂದು ಗಲಾಟೆಯ ಹೆಸರೇ ಕೇಳಿರಲಿಲ್ಲ. ಬಾಂದ್ರಾದ ಒಂದು ಆಫೀಸಿನಲ್ಲಿ ನನ್ನ ಕೆಲಸ ಗೋದಾಮುಗಳ ಸರಕನ್ನು ತಾಳೆ ನೋಡುವುದು. ಗೋದಾಮಿನವರು ಯಾವ ಕಪಾಟನ್ನು "ಅದು ಸರಿ ಇದೆ ಮೇಡಂ, ಬಿಡಿ" ಎನ್ನುತ್ತಾರೋ ಅದನ್ನೇ ಮೊದಲು ತೆಗೆಸುವುದು ನಮ್ಮಲ್ಲಿ ರೂಢಿ.

ದಿನಚರಿ ಬರೆಯುವುದು ಕಾಲೇಜಿನಿಂದ ಬಂದ ಅಭ್ಯಾಸ. ತಾರೀಕು, ಗಂಟೆ, ಯಾರು ಏನು ಹೇಳಿದರು, ಅಂಚಿನಲ್ಲಿ ಅದನ್ನು ನಾನು ಎಷ್ಟು ನಂಬಿದೆ ಎಂದು ಹತ್ತರಲ್ಲಿ ಒಂದು ಅಂಕ. ಅಪ್ಪ ನಗುತ್ತಾರೆ. ನಗಲಿ. ಅವರ "ಅರ್ಧ ಗಂಟೆಯಲ್ಲಿ ಬರ್ತೇನೆ" ಎಂಬ ಮಾತಿಗೆ ನಾನು ಎಂದೂ ಮೂರಕ್ಕಿಂತ ಹೆಚ್ಚು ಕೊಟ್ಟಿಲ್ಲ. ಆ ಶನಿವಾರ ಲೋಕಲ್ಲಿನಲ್ಲಿ ನಿಂತೇ ಬರೆದುಕೊಂಡೆ: ಕಾರ್ಯದರ್ಶಿ, ನಾಲ್ಕು.

ಪತ್ರಿಕೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮುಂಬಯಿ ದೊಡ್ಡದು, ಆದರೆ ಪಶ್ಚಿಮದ ರೈಲು ಹಳಿಯ ಉದ್ದಕ್ಕೆ ನಮ್ಮವರದೊಂದು ಸಣ್ಣ ಊರು ಇತ್ತು, ಆ ಊರಿಗೊಂದು ವಾರಪತ್ರಿಕೆ. ಎಂಟು ಪುಟ. ಪರೇಲಿನ ಒಂದು ಗಲ್ಲಿಯ ಪ್ರೆಸ್ಸಿನಲ್ಲಿ ಅಚ್ಚಾಗಿ, ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಕಟ್ಟುಗಳಾಗಿ ಹೊರಟು, ದಾದರಿನಿಂದ ಬೊರಿವಲಿಯವರೆಗೆ ಸ್ಟೇಷನ್ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು. ಮನೆಗೆ ತರಿಸುವವರು ಕಡಿಮೆ. ಶನಿವಾರ ಬೆಳಿಗ್ಗೆ ಉಡುಪಿ ಹೋಟೆಲುಗಳ ಗಲ್ಲೆಯ ಮೇಲೆ, ಸೋಂಪಿನ ಬಟ್ಟಲಿನ ಪಕ್ಕದಲ್ಲಿ ಒಂದು ಪ್ರತಿ ಇರುತ್ತಿತ್ತು. ಹಣ ಕೊಡಲು ಬಂದವರು ನಿಂತು ಓದಿ ಹೋಗುತ್ತಿದ್ದರು. ಸಂಘದ ಸಭೆ, ಮಾಟುಂಗಾದಲ್ಲಿ ಯಕ್ಷಗಾನ, ಯಾರದೋ ಗೃಹಪ್ರವೇಶ, ಯಾರದೋ ಉತ್ತರಕ್ರಿಯೆ.

ಆದರೆ ಎಲ್ಲರೂ ಮೊದಲು ತೆಗೆಯುತ್ತಿದ್ದದ್ದು ಮೂರನೆಯ ಪುಟ. ಅಲ್ಲಿ ಮುಂದಿನ ವಾರ ಊರಿಗೆ ಹೋಗುವವರ ಹೆಸರುಗಳು ಬರುತ್ತಿದ್ದವು. ಕುಂದಾಪುರ ಕಡೆಗೆ ಇಂಥವರು, ಉಡುಪಿ ಕಡೆಗೆ ಇಂಥವರು, ಕಾರ್ಕಳ ಕಡೆಗೆ ಇಂಥವರು. ಹೆಸರಿನ ಎದುರು ಕೆಲಸ ಮಾಡುವ ಹೋಟೆಲು, ಬಸ್ಸಿನ ದಿನ. ಇದನ್ನು ನೋಡಿ ಜನ ಆ ಹೋಟೆಲಿಗೆ ಹೋಗಿ ತಮ್ಮ ಮನೆಗೆ ತಲುಪಿಸಬೇಕಾದ ಗಂಟು ಕೊಟ್ಟು ಬರುತ್ತಿದ್ದರು. ಅಮ್ಮನಿಗೆ ನೋವಿನ ಎಣ್ಣೆ, ತಂಗಿಗೆ ಸೀರೆ, ಮಳೆಗಾಲವಾದರೆ ಕೊಡೆ. ಹೆಸರು ಬಂದವರು ಗಂಟು ಬೇಡ ಎನ್ನುವಂತಿರಲಿಲ್ಲ. ಹಾಗೆಂದು ಹೆಸರು ಕೊಡದೆ ಊರಿಗೆ ಹೊರಟರೆ, ಇವನಿಗೆ ಯಾಕೆ ಈ ಗುಟ್ಟು ಎಂದು ಮಾತು ಏಳುತ್ತಿತ್ತು.

ನನಗೆ ಕನ್ನಡ ಓದಲು ಕಲಿಸಿದ್ದು ದೊಡ್ಡಪ್ಪ, ಇದೇ ಪತ್ರಿಕೆಯಿಂದ. ಆ ಹೊತ್ತಿಗೆ ಮೂರನೆಯ ಪುಟದಲ್ಲಿ ರೂಢಿಗೆಂಬಂತೆ ಮೂರು ನಾಲ್ಕು ಹೆಸರುಗಳಷ್ಟೇ ಉಳಿದಿದ್ದವು. ಓದಿಸುವಾಗ ದೊಡ್ಡಪ್ಪ ಎರಡನೆಯ ಪುಟದಿಂದ ನೇರ ನಾಲ್ಕಕ್ಕೆ ಮಗುಚುತ್ತಿದ್ದರು. ಮಕ್ಕಳಿಗೆ ಹೆಸರುಗಳ ಸಾಲು ಬೇಸರ ಎಂದೇ ಇರಬಹುದು ಎಂದುಕೊಂಡಿದ್ದೆ. ಈ ಜೂನ್ ತನಕ.

ಸಂಘದ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಹಳೆಯ ಸಂಚಿಕೆಗಳನ್ನು ಆರಾರು ತಿಂಗಳಿಗೊಂದರಂತೆ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಮುಂದಿನ ಭಾನುವಾರ ಹೋಗಿ ಸಾಲಾಗಿ ಎಣಿಸಿದೆ. ಒಂದು ಇರಲಿಲ್ಲ. ಮಿಲ್ಲುಗಳು ಇನ್ನೂ ನಡೆಯುತ್ತಿದ್ದ ಕಾಲದ ಒಂದು ಮಳೆಗಾಲ. ಅದು ಇರಬೇಕಾದ ಜಾಗದಲ್ಲಿ ಕೇರಂ ಸ್ಪರ್ಧೆಯ ಎರಡು ಕಪ್ಪುಗಳನ್ನು ನಿಲ್ಲಿಸಿದ್ದರು, ಜಾಗ ಖಾಲಿ ಕಾಣದಂತೆ.

"ಅದಾ? ಒಂದು ವರ್ಷ ಕೋಣೆಗೆ ನೀರು ನುಗ್ಗಿತ್ತು," ಎಂದರು ಕಾರ್ಯದರ್ಶಿಗಳು ಫೋನಿನಲ್ಲಿ.

ಆ ಕಟ್ಟು ಇರಬೇಕಾದದ್ದು ಮೇಲಿನಿಂದ ಎರಡನೆಯ ಹಲಗೆಯಲ್ಲಿ. ಕೆಳಗಿನ ಹಲಗೆಗಳ ಕಟ್ಟುಗಳೆಲ್ಲ ಒಣಗಿ ಗರಿಗರಿಯಾಗಿದ್ದವು. ಅಷ್ಟು ಎತ್ತರಕ್ಕೆ ಹತ್ತಿ, ಒಂದೇ ಕಟ್ಟನ್ನು ಆರಿಸಿಕೊಂಡು ಹೋದ ನೀರು. ಎರಡು ಅಂಕ ಕೊಟ್ಟೆ.

ಹಳೆಯ ಸಂಪಾದಕರು ಪರೇಲಿನಲ್ಲೇ ಇದ್ದಾರೆ ಎಂದು ತಿಳಿದದ್ದು ಆ ಮೇಲೆ. ಧಾರವಾಡ ಕಡೆಯವರು. ಹಗಲು ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಪತ್ರಿಕೆ ನೋಡಿಕೊಳ್ಳುತ್ತಿದ್ದವರು. ಸುತ್ತ ಗಾಜಿನ ಕಟ್ಟಡಗಳು ಎದ್ದು ಅವರ ವಠಾರದಂಥ ಹಳೆಯ ಚಾಳು ಮಧ್ಯದಲ್ಲಿ ಕುಳಿತಂತೆ ಕಾಣುತ್ತದೆ. ಎರಡನೆಯ ಮಾಳಿಗೆಯ ಬಾಗಿಲಲ್ಲಿ ನಾನು ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ದನಿ ಬಂತು.

"ಚಪ್ಪಲ್ ಒಳಗ ತಗೊಂಬಾರವಾ. ಹೊರಗ ಬಿಟ್ರ ಬೆಕ್ಕು ಒಯ್ತದ. ನಂದು ಎರಡೂ ಎಡಗಾಲಿಂದ ಉಳಿದಾವ."

ಒಳ್ಳೆಯ ಮಾತುಗಾರರು. ಪ್ರೆಸ್ಸಿನ ಅಚ್ಚುಮೊಳೆಗಳ ಬಗ್ಗೆ, ಜಾಹೀರಾತು ಕೊಟ್ಟು ಹಣ ಮರೆಯುವ ಹೋಟೆಲ್ ಧಣಿಗಳ ಬಗ್ಗೆ ಒಂದು ತಾಸು ಹೇಳಿದರು. ಮೂರನೆಯ ಪುಟದ ಬಗ್ಗೆ ಕೇಳಿದೆ.

"ಅಯ್ಯ, ಅದರಾಗ ಸಂಪಾದಕಂದು ಏನದ? ನನಗ ಕುಂದಾಪುರ ಯಾವ ದಿಕ್ಕಿಗೆ ಅದ ಅಂತನೂ ಗೊತ್ತಿರಲಿಲ್ಲ. ಬಂದು ಹೆಸರು ಬರಸ್ತಿದ್ರು. ಕಾರ್ಕಳದಾವ ಅಂದ್ರ ಕಾರ್ಕಳದ ಕೆಳಗ ಹಾಕೂದು, ಉಡುಪಿಯಾವ ಅಂದ್ರ ಉಡುಪಿ ಕೆಳಗ. ನಮ್ಮ ಕಡೆಯವರು ಒಬ್ಬರೂ ಕೊಡ್ತಿರಲಿಲ್ಲ ನೋಡು. ನಾವು ಗಂಟು ಕೊಟ್ರ ಪೂರಾ ಗಾಡಿನೇ ತುಂಬಸ್ತೀವಿ."

ನಗು ಮುಗಿಯುವಷ್ಟರಲ್ಲಿ ಮಿಲ್ ಕ್ಯಾಂಟೀನಿನ ಗಲಾಟೆ ಏನು ಎಂದು ಕೇಳಿದೆ. ಅವರು ಚಹದ ಪಾತ್ರೆಯನ್ನು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು.

"ನೀ ಯಾರ ಮನಿ ಹುಡುಗಿ?"

ಹೇಳಿದೆ. ಅವರು ಪಾತ್ರೆಯನ್ನು ಒಲೆಯ ಮೇಲೆ ಮರಳಿ ಇಟ್ಟರು. ನನ್ನ ಲೋಟ ಖಾಲಿಯೇ ಉಳಿಯಿತು.

"ನಿಮ್ಮ ದೊಡ್ಡಪ್ಪನ್ನೇ ಕೇಳಬೇಕಿತ್ತಲ್ಲ. ಬಾಂದ್ರಾದಿಂದ ಬೊರಿವಲಿ ತನಕ ಎಲ್ಲಾರಿಗೂ ಗೊತ್ತಿರೋದು ಮನಿಯಾಗ ಗೊತ್ತಿಲ್ಲಂದ್ರ."

ಆಮೇಲೆ ಹೇಳಿದರು. ಬಾಂದ್ರಾದಲ್ಲಿ ಒಂದು ಹೋಟೆಲು, ಈಗಿನ ಕಾರ್ಯದರ್ಶಿಗಳ ತಂದೆಯದು. ಅಲ್ಲಿನ ಒಂಬತ್ತು ಜನ ಕೆಲಸಗಾರರು ಸೇರಿ ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನನ್ನು ತಾವೇ ವಹಿಸಿಕೊಳ್ಳಲು ಒಳಗಿಂದೊಳಗೆ ಗೊತ್ತು ಮಾಡಿಕೊಂಡಿದ್ದರು. ಧಣಿಗೆ ಮೊದಲೇ ತಿಳಿದರೆ ತಪ್ಪಿಸಿಬಿಡುತ್ತಾನೆ. ಅದಕ್ಕೆ ಊರಿಗೆ ಹೋಗುವ ನೆವ ಹೇಳಿ ಹೊರಬೀಳುವುದು ಎಂದು ಮಾಡಿಕೊಂಡರು. ಈ ಗುಟ್ಟು ಗೊತ್ತಿದ್ದ ಹತ್ತನೆಯವರು ಒಬ್ಬರೇ, ಗಲ್ಲೆಯಲ್ಲಿ ಕೂರುತ್ತಿದ್ದ ಕ್ಯಾಶಿಯರ್, ನನ್ನ ದೊಡ್ಡಪ್ಪ. ಹೊರಡುವ ಮುಂಚೆಯೇ ಧಣಿ ಒಂಬತ್ತೂ ಜನರ ಟ್ರಂಕುಗಳನ್ನು ಫುಟ್‌ಪಾತಿಗೆ ಹಾಕಿಸಿದ. ಕ್ಯಾಂಟೀನನ್ನೂ ತಾನೇ ತೆಗೆದುಕೊಂಡ.

"ಹೇಳಿದವರು ಯಾರು? ತಾಳೆ ನೋಡೋದೇ ನಿನ್ನ ಕೆಲಸ ಅಂತೀಯಲ್ಲ. ನೋಡು."

"ಆ ಮಳೆಗಾಲದ ಕಟ್ಟು ಎಲ್ಲಿದೆ ಸರ್?"

"ಬೈಂಡಿಂಗಿಗೆ ಹೋಗಿತ್ತು. ವಾಪಸ್ ಬರಲಿಲ್ಲ."

"ಕಾರ್ಯದರ್ಶಿಗಳು ನೀರು ನುಗ್ಗಿತ್ತು ಅಂದ್ರು."

"ಅವಂಗೇನು ಗೊತ್ತು? ಆವಾಗ ಅವ ಚಡ್ಡಿ ಹಾಕ್ಕೊಂಡು ಗಲ್ಲಾದಾಗಿನ ಪೆಪ್ಪರಮೆಂಟ್ ಕದೀತಿದ್ದ."

ಮೆಟ್ಟಿಲಿಳಿದು ಬಂದು ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬರೆದುಕೊಂಡೆ. ಸಂಪಾದಕರಿಗೆ ಆರು. ಕಟ್ಟಿನ ವಿಷಯಕ್ಕೆ ಮಾತ್ರ ಎರಡು. ಒಂದೇ ವಸ್ತು ಕಾಣೆಯಾದದ್ದಕ್ಕೆ ಎರಡು ಕಾರಣ ಸಿಕ್ಕರೆ ನಾವು ಆಫೀಸಿನಲ್ಲಿ ಎರಡನ್ನೂ ಬಿಡುತ್ತೇವೆ.

ದೊಡ್ಡಪ್ಪ ನಮ್ಮ ಮನೆಯ ಒಳಕೋಣೆಯಲ್ಲಿರುತ್ತಾರೆ. ಅಜ್ಜ ಬೇಗ ಹೋದದ್ದರಿಂದ ಅಪ್ಪನನ್ನು ಮುಂಬಯಿಗೆ ಕರೆತಂದು ಓದಿಸಿದ್ದು ಅವರು. ಮದುವೆಯಾಗಲಿಲ್ಲ. ಒಂದು ಸಂಬಂಧ ನಿಶ್ಚಯದವರೆಗೆ ಬಂದು ತಪ್ಪಿತು ಎಂದು ಅಪ್ಪ ಒಮ್ಮೆ ಹೇಳಿದ್ದುಂಟು, ಯಾಕೆ ಎಂದು ಹೇಳಿರಲಿಲ್ಲ. ಸಂಘದ ಯಾವ ಕಾರ್ಯಕ್ರಮಕ್ಕೂ ಅವರು ಬರುವುದಿಲ್ಲ. ಮದುವೆ ಊಟಗಳಲ್ಲಿ ಅವರ ಪಕ್ಕದ ಎಲೆ ಖಾಲಿ ಇರುತ್ತಿದ್ದದ್ದು ನನಗೆ ಚಿಕ್ಕಂದಿನಿಂದ ಗೊತ್ತು. ಅಲ್ಲಿ ನಾನೇ ಹೋಗಿ ಕೂರುತ್ತಿದ್ದೆ, ಅವರ ಪಾಲಿನ ಹೋಳಿಗೆ ನನಗೆ ಸಿಗುತ್ತಿತ್ತು.

ಆ ವಾರವೆಲ್ಲ ನಾನು ಮನೆಯಲ್ಲಿ ಅವರನ್ನು ನೋಡಿದ್ದು ಗೋದಾಮಿನವರನ್ನು ನೋಡುವ ಕಣ್ಣಿನಿಂದ. ಬೆಳಗಿನ ಹೊತ್ತು ಗೇಟು ಕಾಣುವ ಕಿಟಕಿಯ ಬಳಿಯೇ ಯಾಕೆ ಕೂರುತ್ತಾರೆ? ಹಳೆಯ ಹೋಟೆಲಿನ ಮಾತು ಬಂದರೆ ಸ್ನಾನಕ್ಕೆ ಯಾಕೆ ಏಳುತ್ತಾರೆ? ಒಂಬತ್ತು ಜನ ಬೀದಿಗೆ ಬಿದ್ದ ವರ್ಷವೇ ಅವರು ಅದೇ ಹೋಟೆಲಿನ ಮ್ಯಾನೇಜರ್ ಆದದ್ದು ಹೇಗೆ? ಅಪ್ಪನನ್ನು ಕೇಳಿದೆ.

"ನಾನಾಗ ಸಣ್ಣವ. ಅಣ್ಣ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಎರಡು ವಾರ ಊರಿಗೆ ಹೋಗಿದ್ದ. ಮಳೆಗಾಲದಲ್ಲಿ, ಪರೀಕ್ಷೆ ಎದುರಿಗಿರುವಾಗ. ಅಷ್ಟು ನೆನಪು. ನಿಂಗೆ ಯಾಕೆ ಇದೆಲ್ಲ?"

ಗಲಾಟೆಯಾದ ಕೂಡಲೇ ಊರಿಗೆ ಓಡಿದ್ದಾರೆ ಎಂದು ಬರೆದುಕೊಂಡೆ. ದೊಡ್ಡಪ್ಪನ ಹೆಸರಿನ ಮುಂದೆ ಮೊದಲ ಬಾರಿಗೆ ಅಂಕ ಹಾಕಿದೆ. ಮೂರು.

ಅದೇ ರಾತ್ರಿ ಊಟಕ್ಕೆ ಕುಳಿತಾಗ ಅವರು ತಟ್ಟೆಯನ್ನೇ ನೋಡುತ್ತ ಕೇಳಿದರು. "ಡಿಸೆಂಬರಲ್ಲಿ ಪ್ರೋಗ್ರಾಮ್ ಎಷ್ಟು ಗಂಟೆಗಂತೆ?"

ಅಪ್ಪ, ಅಮ್ಮ ಇಬ್ಬರೂ ಕೈ ನಿಲ್ಲಿಸಿದರು. ಸಂಘದ ಕಾರ್ಯಕ್ರಮದ ಬಗ್ಗೆ ಅವರು ಕೇಳಿದ್ದು ಅದೇ ಮೊದಲು. ಆ ದಿನ ಹಳೆಯ ಹೋಟೆಲುಗಳಲ್ಲಿ ದುಡಿದ ಹಿರಿಯರನ್ನೆಲ್ಲ ವೇದಿಕೆಗೆ ಕರೆದು ಶಾಲು ಹೊದಿಸುವುದೆಂದು ಗೊತ್ತಾಗಿತ್ತು. ಯಾರನ್ನು ಕರೆಯುವುದು ಎಂಬುದೂ ಗೊತ್ತಾಗಿತ್ತು. ಅದರಲ್ಲಿ ದೊಡ್ಡಪ್ಪ ಇಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು ಎಂದೇ ನನ್ನ ಅನುಮಾನ. "ಐದು ಗಂಟೆಗೆ," ಎಂದೆ. "ಹಾಂ," ಎಂದು ಮಜ್ಜಿಗೆ ಹಾಕಿಸಿಕೊಂಡರು.

ಒಂಬತ್ತು ಜನರಲ್ಲಿ ಒಬ್ಬರಿಗೆ ಈಗ ಗೋರೆಗಾಂವಿನಲ್ಲಿ ಸಣ್ಣ ತಿಂಡಿಯಂಗಡಿ ಇದೆ. ಜುಲೈ ಮೊದಲ ಮಂಗಳವಾರ, ಸಂಜೆ ಏಳಕ್ಕೆ, ಆಫೀಸಿನಿಂದ ಬರುವ ದಾರಿಯಲ್ಲಿ ಇಳಿದು ಹೋದೆ. ಮಳೆ ಜೋರಾಗಿತ್ತು, ಗಿರಾಕಿ ಕಡಿಮೆ. ಬೆಳ್ಳಗಿನ ತಲೆಯ ಮುದುಕರು ತಮ್ಮದೇ ಗಲ್ಲೆಯಲ್ಲಿ ಕುಳಿತಿದ್ದರು. ಪತ್ರಿಕೆಯ ಇತಿಹಾಸ ಎಂದಾಗ ಚಾ ತರಿಸಿದರು. ಯಾರ ಮನೆಯವಳು ಎಂದು ನಾನೇ ಹೇಳಿದೆ, ಮೊದಲೇ ಹೇಳಿದರೆ ಮೇಲು ಎನಿಸಿ.

"ಅವನ ಮನೆಯವಳಾ? ಹಾಗಾದ್ರೆ ಆ ಚಾ ನಿನ್ನ ಲೆಕ್ಕದಲ್ಲೇ ಕುಡಿ."

ಕುಡಿದೆ. ಅವರು ಒಂದು ಬಟ್ಟೆ ತೆಗೆದು ಗಲ್ಲೆಯನ್ನು ಒರೆಸತೊಡಗಿದರು.

"ದೊಡ್ಡಪ್ಪ ಧಣಿಗೆ ಹೇಳಿದ್ದನ್ನ ಯಾರಾದ್ರೂ ಕೇಳಿದ್ರಾ?"

"ಕೇಳ್ಲಿಕ್ಕೆ ಎಂತ ಉಂಟು? ಗೊತ್ತಿದ್ದದ್ದು ಅವನಿಗೊಬ್ಬನಿಗೆ. ನಮ್ಮೊಟ್ಟಿಗೆ ಬಾ ಅಂದೆವು, ಕ್ಯಾಂಟೀನಿನ ಲೆಕ್ಕ ನೀನು ನೋಡು ಅಂದೆವು. ತಮ್ಮನ ಶಾಲೆ ಮುಗೀಲಿ ಅಂದ. ಒಳಗಿನ ಸುದ್ದಿ ಪೂರಾ ತಿಳ್ಕೊಂಡು ಹೊರಗೆ ಕೂತವ. ಮತ್ತೆ ಮ್ಯಾನೇಜರ್ ಆದ. ಇನ್ನು ಎಂತ ಬೇಕು ನಿಂಗೆ?"

"ಊರಿಗೆ ಹೋಗ್ತೇವೆ ಅಂದದ್ದನ್ನ ಧಣಿ ನಂಬಿದ್ರಾ?"

ಈ ಪ್ರಶ್ನೆ ಅವರಿಗೆ ಹಿಡಿಸಿತು. ಬಟ್ಟೆ ಕೆಳಗಿಟ್ಟು ಮುಂದೆ ಬಗ್ಗಿದರು.

"ನಂಬದೆ? ನಾವು ಬೇರೆ ಬೇರೆ ದಿನ, ಬೇರೆ ಬೇರೆ ನೆವ ಇಟ್ಟದ್ದು. ಅಡಿಗೆಯ ಭಟ್ರು ಧಣಿಯ ಹತ್ರ ರಜೆ ಕೇಳಿದ್ರು, ನಾವೊಂದು ನಾಲ್ಕು ಜನ ಹಳೇ ಮ್ಯಾನೇಜರನ ಹತ್ರ. ಉಳಿದವರು ಕೇಳ್ಲೇ ಇಲ್ಲ, ಹೊರಡುವ ದಿನ ಹೇಳುದು ಅಂತ. ನಾನಂತೂ ಒಂದು ಕೆಲಸ ಮಾಡಿದೆ, ಬೇರೆ ಯಾರಿಗೂ ತಲೆಗೆ ಹೋಗಿರ್ಲಿಕ್ಕಿಲ್ಲ."

"ಎಂತ?"

"ಪೇಪರಲ್ಲಿ ಹೆಸರು ಕೊಟ್ಟೆ. ಊರಿಗೆ ಹೋಗುವವ ಹೆಸರು ಕೊಡದಿದ್ರೆ ಜನ ಬಿಡ್ತಾರಾ? ‘ಎಂತ ಮಾರಾಯ, ಕದ್ದು ಹೋಗ್ತಿಯಾ’ ಅಂತ ಕೇಳ್ತಾರೆ. ಅದಕ್ಕೆ ನಾನೇ ಪ್ರೆಸ್ಸಿಗೆ ಹೋಗಿ ಬರೆಸಿ ಬಂದೆ. ಪೇಪರಲ್ಲಿ ಬಂದ ಮೇಲೆ ಸುಳ್ಳು ಅಂತ ಯಾವನು ಹೇಳ್ತಾನೆ? ಬುದ್ಧಿ ಬೇಕು ಮಾರಾಯ್ತಿ."

"ಉಳಿದವರು ಕೊಟ್ಟಿರ್ಲಿಲ್ವಾ?"

"ಅವರಿಗೆ ಅಷ್ಟು ತಲೆ ಎಲ್ಲುಂಟು?"

"ಕೇಳಿದ್ದೀರಾ?"

ಅವರು ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ತಮ್ಮ ಜೊತೆಗಾರನಿಗೆ ಹಚ್ಚಿದರು. ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲೇ ಇಟ್ಟರು.

"ಏ, ಆ ಸಲ ನೀನು ಪೇಪರಿಗೆ ಹೆಸರು ಕೊಟ್ಟಿದ್ಯಾ?"

"ಯಾವ ಸಲ?"

"ಯಾವ ಸಲ ಅಂದ್ರೆ? ನಮ್ಮ ಟ್ರಂಕು ಬೀದಿಗೆ ಬಿದ್ದ ಸಲ."

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು. "ಈಗ ಎಂತಕ್ಕೆ ಅದು?"

"ಕೊಟ್ಟಿದ್ಯಾ ಇಲ್ವಾ ಹೇಳು ಮಾರಾಯ."

"ಕೊಡದೆ? ನಮ್ಮ ಮಾವ ದಾದರಲ್ಲೇ ಇದ್ದದ್ದು. ಹೆಸರು ಬಾರದಿದ್ರೆ ಅವರೇ ಹೋಟೆಲಿಗೆ ಬಂದು ಕೇಳ್ತಿದ್ರು. ನಾನೇ ಕೊಟ್ಟದ್ದು, ಯಾರಿಗೂ ಹೇಳ್ಲಿಲ್ಲ. ಅಷ್ಟೂ ಬುದ್ಧಿ ಇಲ್ವಾ ನಂಗೆ?"

ಮುದುಕರು ಫೋನ್ ಕಡಿದರು. ಒರೆಸಿದ ಗಲ್ಲೆಯನ್ನು ಮತ್ತೆ ಒರೆಸಿದರು.

"ಇಬ್ಬರು," ಎಂದರು. "ಇಬ್ಬರು ಕೊಟ್ಟಿರಬಹುದು. ಒಂಬತ್ತೂ ಜನ ಕೊಟ್ಟಿದ್ರು ಅಂತ ಎಲ್ಲುಂಟು? ನೀನು ದೊಡ್ಡಪ್ಪನನ್ನು ಬಿಡಿಸ್ಲಿಕ್ಕೆ ಬಂದದ್ದು, ಗೊತ್ತುಂಟು ನಂಗೆ."

"ಪೇಪರ್ ಬಂದಾಗ ಉಳಿದವರ ಹೆಸರು ಕಾಣ್ಲಿಲ್ವಾ?"

"ಎಲ್ಲಿ ನೋಡುದು? ನಮ್ಮ ಹೋಟೆಲಿನ ಪೇಪರ್ ಆ ಶನಿವಾರ ಧಣಿಯ ಕೈಯಲ್ಲಿತ್ತು. ಮತ್ತೊಂದು ಹೋಟೆಲಲ್ಲಿ ನನ್ನದು ನೋಡಿದೆ, ಕಾರ್ಕಳದ ಕೆಳಗೆ. ಕುಂದಾಪುರದವರದ್ದು ನಾನು ಎಂತಕ್ಕೆ ಓದ್ತೇನೆ?"

"ನಿಮಗೆ ಗಂಟು ಬಂದಿತ್ತಾ?"

"ಬಂದಿತ್ತಂತೆ. ಎರಡು ಕೊಡೆ, ಒಂದು ಡಬ್ಬಿ ಹಲ್ವ. ನಾನು ಕಣ್ಣಲ್ಲಿ ನೋಡ್ಲಿಲ್ಲ. ಗಲ್ಲೆಯಲ್ಲಿ ಕೊಟ್ಟು ಹೋಗಿದ್ರಂತೆ."

ಗಲ್ಲೆಯಲ್ಲಿ ಎಂದವರು ಅಲ್ಲಿಗೇ ನಿಂತರು. ಹೊರಡುವಾಗ ಚಾದ ಹಣ ತೆಗೆದುಕೊಳ್ಳಲಿಲ್ಲ. ಒಂದು ಪೊಟ್ಟಣ ಕರಿದ ಗೋಳಿಬಜೆಯನ್ನು ಹುಡುಗರಿಂದ ಕಟ್ಟಿಸದೆ ತಾವೇ ಕಟ್ಟಿ ಕೈಗಿಟ್ಟರು. "ಮನೆಗೆ. ಅವನಿಗೆ ಅಂತಲ್ಲ, ಮನೆಗೆ." ಇದು ಬಾಯಿ ಮುಚ್ಚಿಸಲೋ, ಬೇರೆ ಯಾವುದಕ್ಕೋ ಎಂದು ಬೊರಿವಲಿಯವರೆಗೂ ಯೋಚಿಸಿದೆ.

ಮನೆಯಲ್ಲಿ ದೊಡ್ಡಪ್ಪ ಒಬ್ಬರೇ ಇದ್ದರು. ಪೊಟ್ಟಣವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅವರು ಬಂದು ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹೀಗೆ ಎರಡು ಸುತ್ತು ಹಾಕಿ ಬದಿಯಲ್ಲಿ ಗಂಟು ಕಟ್ಟುವವ ಒಬ್ಬನೇ. ಗೋರೆಗಾಂವಿಗೆ ಹೋಗಿದ್ಯಾ?"

ಹೌದೆಂದೆ. ಸುತ್ತಿ ಬಳಸದೆ ಕೇಳಿಬಿಟ್ಟೆ.

"ಒಂಬತ್ತೂ ಜನ ಪೇಪರಿಗೆ ಹೆಸರು ಕೊಟ್ಟಿದ್ರಾ ದೊಡ್ಡಪ್ಪ?"

ಅವರು ದಾರ ಬಿಚ್ಚುತ್ತಲೇ ಇದ್ದರು. ಕತ್ತರಿಸಲಿಲ್ಲ, ಬಿಚ್ಚಿದರು.

"ಒಂಬತ್ತೂ. ಒಬ್ಬೊಬ್ಬನೂ ತಾನೇ ಬುದ್ಧಿವಂತ ಅಂತ. ಶನಿವಾರ ಬೆಳಿಗ್ಗೆ ಪೇಪರ್ ಬಿಚ್ಚಿದವ ನಾನು. ಕುಂದಾಪುರದ ಕೆಳಗೆ ಮೂವರು, ಉಡುಪಿಯಲ್ಲಿ ಐವರು, ಕಾರ್ಕಳದಲ್ಲಿ ಒಬ್ಬ. ಎಲ್ಲರ ಎದುರೂ ನಮ್ಮ ಹೋಟೆಲು. ಪೇಪರನ್ನು ಗಲ್ಲೆಯ ಕೆಳಗೆ ಹಾಕಿದೆ. ಆದ್ರೆ ಜನ ಬೇರೆ ಹೋಟೆಲುಗಳಲ್ಲಿ ಓದಿದ್ದಾರಲ್ಲ. ಹತ್ತು ಗಂಟೆಗೆ ಗಂಟು ಬರ್ಲಿಕ್ಕೆ ಶುರು."

"ಎಷ್ಟು?"

"ಕೂರ್ಲಿಕ್ಕೆ ಜಾಗ ಇಲ್ಲದಷ್ಟು. ಕೊಡೆ, ಪ್ಲಾಸ್ಟಿಕ್ ಕೊಡ, ಮಗುವಿನ ಸ್ವೆಟರ್. ಒಬ್ಬ ಹೊಲಿಗೆ ಮೆಷಿನ್ನಿನ ತಲೆ ತಂದ, ಅದಕ್ಕೆ ಗೋಣಿ ಸುತ್ತಿ. ಕೆಳಗೆ ಇಡ್ಲಿಕ್ಕೆ ಆಗ್ಲಿಲ್ಲ, ಗಲ್ಲೆಯ ಮೇಲೇ ಇಟ್ಟೆ. ಅಷ್ಟರಲ್ಲಿ ಧಣಿ ಬಂದ್ರು. ಇದು ಯಾರದ್ದು ಅಂದ್ರು. ಭಟ್ರದ್ದು ಅಂದೆ. ಇದು? ಸಪ್ಲೈಯರಂದು. ಇದು? ಮತ್ತೊಬ್ಬನದ್ದು. ಗಂಟಿನ ಮೇಲೆ ಹೆಸರು ಬರೆದಿದ್ದಾರಲ್ಲ, ನಾನು ಎಂತ ಹೇಳುದು? ಧಣಿ ಪೇಪರ್ ಕೊಡು ಅಂದ್ರು. ಕೊಟ್ಟೆ."

"ಕೊಟ್ರಿ."

"ಕೊಟ್ಟೆ," ಎಂದರು ಮತ್ತೆ.

ಆಮೇಲಿನದನ್ನು ನಾನು ಒಂದೊಂದಾಗಿ ಕೇಳಿ ತೆಗೆಯಬೇಕಾಯಿತು. ಒಂದೇ ವಾರ ಒಂಬತ್ತೂ ಜನ ಊರಿಗೆ ಎಂಬುದನ್ನು ನಂಬದೆ ಧಣಿ ಅಲ್ಲಿ ಇಲ್ಲಿ ವಿಚಾರಿಸಿದಾಗ ಕ್ಯಾಂಟೀನಿನ ಸುದ್ದಿ ಹೊರಬಿತ್ತು. ಸಂಜೆಯೊಳಗೆ ಟ್ರಂಕುಗಳು ಹೊರಗೆ ಬಿದ್ದವು, ಒಂಬತ್ತು ಜನ ಒಂಬತ್ತು ಕಡೆ ಚೆದುರಿದರು. ಗಂಟುಗಳು ಗಲ್ಲೆಯ ಬಳಿ ಉಳಿದವು. ಅವನ್ನು ಊರಿಗೆ ಒಯ್ಯುವವರು ಯಾರೂ ಇರಲಿಲ್ಲ.

"ಅದಕ್ಕೇ ನೀವು ಊರಿಗೆ ಹೋದದ್ದಾ?"

"ಮತ್ತೆ? ತಕ್ಕೊಂಡವ ನಾನು. ತಲುಪಿಸ್ಬೇಕಲ್ಲ. ಬಸ್ಸಿನ ಮೇಲೆ ಕಟ್ಟಿಸಿ ಒಯ್ದೆ. ಆ ಮಳೆಯಲ್ಲಿ ಕಾರ್ಕಳ ಒಂದು ಕಡೆ, ಕುಂದಾಪುರ ಒಂದು ಕಡೆ. ಮೆಷಿನ್ನಿನ ತಲೆ ಕುಂದಾಪುರದ ಆಚೆ, ಹೊಳೆ ದಾಟಿ. ದೋಣಿಯವ, ಇದನ್ನು ಹತ್ತಿಸಿದ್ರೆ ನಿನ್ನನ್ನು ಇಳಿಸ್ತೇನೆ ಅಂದ." ಇಲ್ಲಿ ಮಾತ್ರ ಸ್ವಲ್ಪ ನಕ್ಕರು. "ಬಾಗಿಲು ತೆಗೆದದ್ದು ಒಬ್ಬಳು ಹೆಂಗಸು. ಮುಂಬಯಿಂದ ಗಂಡ ಬಾರದೆ ಮೆಷಿನ್ ಬಂತಲ್ಲ ಅಂದಳು. ಅಂದ ಮೇಲೆ ಬಾಳೆಹಣ್ಣು ಕೊಟ್ಟಳು."

"ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಬಂದ ಮೇಲೆ ಅವರಲ್ಲೇ ಇಬ್ಬರಿಗೆ ಹೇಳಿದೆ. ಅಷ್ಟರಲ್ಲಿ ಎಲ್ಲ ಗೊತ್ತಾಗಿ ಆಗಿತ್ತು, ಕ್ಯಾಶಿಯರ್ ಹೇಳಿದ್ದು, ಹೇಳಿ ಊರಿಗೆ ಓಡಿದ್ದು ಅಂತ. ತನ್ನ ಹೆಸರು ತಾನೇ ಕೊಟ್ಟು ಕೆಟ್ಟೆ ಅನ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ ಮಗಾ?"

"ಮ್ಯಾನೇಜರ್ ಆದದ್ದು?"

ನಾನು ಕೇಳಿಯೇ ಕೇಳುತ್ತೇನೆಂದು ಅವರಿಗೆ ಗೊತ್ತಿತ್ತು ಅನಿಸುತ್ತದೆ. ಒಂದು ಗೋಳಿಬಜೆ ಮುರಿದು ಅರ್ಧ ನನಗೆ ಕೊಟ್ಟರು.

"ಹಳೇ ಮ್ಯಾನೇಜರ್ ರಜೆ ಕೊಟ್ಟದ್ದಕ್ಕೆ ಹೋದ. ಭಟ್ರು ಹೋದ್ರು. ಉಳಿದವ ನಾನೊಬ್ಬ. ನಿನ್ನ ಅಪ್ಪನ ಶಾಲೆ ಬಾಕಿ ಇತ್ತು. ಬೇಡ ಅನ್ನಬಹುದಿತ್ತು, ಅನ್ಲಿಲ್ಲ." ಬಾಯಲ್ಲಿದ್ದದ್ದನ್ನು ನುಂಗಿ ಸೇರಿಸಿದರು. "ಉಪ್ಪು ಜಾಸ್ತಿ. ಆವಾಗ್ಲೂ ಅವಂದು ಹೀಗೇ."

ಸಂಪಾದಕರಿಗೆ ಮತ್ತೆ ಫೋನ್ ಮಾಡಿದೆ. ಒಂದೇ ಹೋಟೆಲಿನ ಒಂಬತ್ತು ಹೆಸರು ಒಂದೇ ವಾರ ಬಂದದ್ದು ನೆನಪಿದೆಯೇ ಎಂದು ಕೇಳಿದೆ. "ಎಷ್ಟೋ ಹೆಸರು ಹಾಕೀವವ್ವಾ, ಯಾರು ನೆನಪಿಟ್ಟಾರ," ಎಂದು ಇಟ್ಟುಬಿಟ್ಟರು. ಚಡ್ಡಿ ಹಾಕಿದ ಹುಡುಗನ ಪೆಪ್ಪರಮೆಂಟು ನೆನಪಿರುವವರಿಗೆ ಇದು ನೆನಪಿಲ್ಲ. ಕಟ್ಟು ಬೈಂಡಿಂಗಿಗೆ ಹೋಯಿತೋ, ಅವರ ಮಂಚದ ಕೆಳಗೆ ಹೋಯಿತೋ ಹೇಳಲಾರೆ. ಒಂಬತ್ತನ್ನೂ ಒಟ್ಟಿಗೆ ಅಚ್ಚು ಹಾಕಿದವರು ಅವರೇ ಆದ್ದರಿಂದ, ಅವರಿಗೂ ಆ ಪುಟ ಸಿಗದಿರುವುದೇ ಅನುಕೂಲ ಎಂಬುದನ್ನು ಮಾತ್ರ ಬರೆದಿಟ್ಟಿದ್ದೇನೆ.

ಆಗಸ್ಟಿನಲ್ಲಿ ನಾಲ್ಕು ಪುಟ ಬರೆದು ಕೊಟ್ಟೆ. ಕಾರ್ಯದರ್ಶಿಗಳು ಮೂರನ್ನು ಇಟ್ಟುಕೊಂಡು ಒಂದನ್ನು ವಾಪಸ್ ಕೊಟ್ಟರು.

"ಬೇಡ ಅಂತ ಮೊದಲೇ ಹೇಳಿದ್ದೆ ಅಲ್ವಾ? ಮತ್ತೆ, ನಿನ್ನ ದೊಡ್ಡಪ್ಪನ ಮಾತು ಬಿಟ್ರೆ ಪ್ರೂಫ್ ಏನುಂಟು? ಆ ಇಶ್ಯೂ ತಾ. ನಾನೇ ಮನೆಗೆ ಬಂದು ಅವರನ್ನು ಸ್ಟೇಜಿಗೆ ಕರ್ಕೊಂಡು ಹೋಗ್ತೇನೆ."

ಕಪಾಟಿನ ಕೀಲಿಕೈ ಅವರ ಜೇಬಿನಲ್ಲೇ ಇತ್ತು. ಆದರೂ ಅವರ ಪ್ರಶ್ನೆ ತಪ್ಪಲ್ಲ. ನಾನೂ ಗೋದಾಮಿನವರನ್ನು ಅದನ್ನೇ ಕೇಳುತ್ತೇನೆ. ಗೋರೆಗಾಂವಿನವರು ಇನ್ನೂ ಇಬ್ಬರು ಎಂಬಲ್ಲೇ ನಿಂತಿದ್ದಾರೆ. ಒಂಬತ್ತು ಜನರಲ್ಲಿ ಬದುಕಿರುವ ಮೂರನೆಯವರು ಯಾರಾದರೂ ಇದ್ದಾರೆಯೇ ಎಂಬುದು ಅವರಿಗೆ ಗೊತ್ತಿಲ್ಲವಂತೆ. ದೊಡ್ಡಪ್ಪನಿಗೆ ಈಗ ನಾನು ಕೊಟ್ಟಿರುವುದು ಏಳು. ಮನೆಯವರೆಂದು ಹೆಚ್ಚು ಕೊಡುವುದು ನನ್ನ ಪದ್ಧತಿಯಲ್ಲ.

ವಾಪಸ್ ಬಂದ ಪುಟವನ್ನು ಬೇರೆ ಕಡೆ ಅಚ್ಚು ಹಾಕಿಸಲೇ ಎಂದು ಅವರನ್ನೇ ಕೇಳಿದೆ. ಕಿಟಕಿಯ ಬಳಿ ಕುಳಿತಿದ್ದರು. ಕೆಳಗೆ ಗೇಟಿನಲ್ಲಿ ಯಾರೋ ರಿಕ್ಷಾ ಇಳಿಯುತ್ತಿದ್ದರು, ಅದು ಯಾರೆಂದು ಗೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಬರಿ. ಹೆಸರು ಮಾತ್ರ ಬೇಡ, ಯಾರದ್ದೂ. ಹೆಸರು ಹಾಕಿ ಆದದ್ದು ಸಾಕು."

ಹಾಗಾಗಿ ಇಲ್ಲಿ ಹೆಸರುಗಳಿಲ್ಲ. ಆದರೆ ಓದುವವರಲ್ಲಿ ಕೆಲವರಿಗೆ ತಮ್ಮ ಮನೆಯ ಸಂಗತಿ ಗುರುತು ಸಿಗಬಹುದು. ಆ ಮಳೆಗಾಲದ ಮೂರನೆಯ ಪುಟ ನಿಮ್ಮ ಯಾವುದಾದರೂ ಟ್ರಂಕಿನ ತಳದಲ್ಲಿ ಹಾಸಿಕೊಂಡು ಬಿದ್ದಿದ್ದರೆ, ಬಾಂದ್ರಾದ ಆ ಹೋಟೆಲಿನ ಗಲ್ಲೆಯಲ್ಲಿ ನಿಮ್ಮ ತಂದೆಯೋ ಮಾವನೋ ಗಂಟು ಕೊಟ್ಟದ್ದನ್ನು ಹೇಳುತ್ತಿದ್ದರೆ, ಅಥವಾ ಕುಂದಾಪುರದ ಆಚೆ, ಹೊಳೆ ದಾಟಿದ ಮೇಲೆ, ಪರಿಚಯವಿಲ್ಲದ ಒಬ್ಬ ತೊಯ್ದ ಮನುಷ್ಯ ಗೋಣಿ ಸುತ್ತಿದ ಹೊಲಿಗೆ ಮೆಷಿನ್ ಹೊತ್ತು ಬಂದ ಮನೆ ನಿಮ್ಮದಾಗಿದ್ದರೆ, ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಡಿಸೆಂಬರಿಗೆ ಮೊದಲು ತಲುಪಿದರೆ ಒಳ್ಳೆಯದು. ಕಾರ್ಯಕ್ರಮ ಸಂಜೆ ಐದಕ್ಕೆ.